ಸೊರಬದ ಗುಡಿಗಾರರು: ಗಂಧ, ಬೆಂಡು, ಮಣ್ಣು

ಹತ್ತೊಂಬತ್ತನೆಯ ಶತಮಾನದ ಮೈಸೂರು ಸಂಸ್ಥಾನದಲ್ಲಿ ಶ್ರೀಗಂಧದ ಕೆತ್ತನೆಯೆಂದರೆ ಗುಡಿಗಾರರ ಕಸುಬು. ಅವರ ಮುಖ್ಯ ನೆಲೆ ಶಿವಮೊಗ್ಗ ಜಿಲ್ಲೆಯ ಸೊರಬ. ಪೂರ್ವಿಕರು ಗೋವೆಯ ಕಡೆಯಿಂದ ಬಂದವರೆಂಬ ಪ್ರತೀತಿ ಈ ಸಮುದಾಯದಲ್ಲಿದೆ. ಪೆಟ್ಟಿಗೆ, ಕರಂಡಕ, ಬೀರುಗಳಿಗೆ ಬೇಡಿಕೆ ಹೆಚ್ಚಿತ್ತು.

ಬಿ. ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ಇವರ ಕೆಲಸದ ಕ್ರಮವನ್ನು ವಿವರವಾಗಿ ದಾಖಲಿಸಿದೆ. ಮೊದಲು ಚಿತ್ತಾರವನ್ನು ಕಾಗದದಲ್ಲಿ ಬರೆದು ಮರಕ್ಕೆ ಅಂಟಿಸಬೇಕು, ಇಲ್ಲವೇ ಮರಕ್ಕೇ ಬಿಳಿ ಬಳಿದು ಅದರ ಮೇಲೆ ಬರೆಯಬೇಕು. ಆಮೇಲೆ ಸಣ್ಣ ಉಳಿಗಳಿಂದ ಗೆರೆ ಕೊರೆದು, ನಡುವಿನ ಮರವನ್ನು ತೆಗೆದು, ಬಳ್ಳಿ ಎಲೆಗಳನ್ನು ಉಬ್ಬಿಸಬೇಕು. ಮರ ಗಟ್ಟಿ, ಕುಸುರಿ ಸೂಕ್ಷ್ಮ. ಒಂದು ಬೀರುವಿಗೆ ಹಲವು ತಿಂಗಳು ಹಿಡಿಯುತ್ತಿತ್ತು. ಕುಶಲಕರ್ಮಿಗಳ ಕಣ್ಣು ಬೇಗ ಮಂಜಾಗುತ್ತದೆ ಎಂಬ ಮಾತೂ ಅಲ್ಲಿದೆ. ಎದ್ದು ಹೋದ ಚಕ್ಕೆಯನ್ನು ಮತ್ತೆ ಕೂಡಿಸಲು ಬಾರದು. ಹಾಗಾಗಿ ಎಷ್ಟೇ ಪಳಗಿದ ಕೈಯಾದರೂ ಚಿತ್ತಾರ ಬರೆಯದೆ ಉಳಿ ಹಿಡಿಯುವಂತಿರಲಿಲ್ಲ.

ಮರವೂ ಸುಲಭವಾಗಿ ಸಿಗುವಂಥದ್ದಲ್ಲ. ಟಿಪ್ಪು ಸುಲ್ತಾನನ ಕಾಲದಿಂದ ಗಂಧ ರಾಜ್ಯದ ಸೊತ್ತು; ಒಡೆಯರ ಆಡಳಿತವೂ ಅದನ್ನೇ ಮುಂದುವರಿಸಿತು. ತೂಕದ ಮೇಲೆ ಕೊಳ್ಳುವ ಮರದಲ್ಲಿ ಪುಡಿಗೂ ಬೆಲೆ. ಕೆತ್ತುವಾಗ ಉದುರಿದ ಚೂರು, ಹೊಟ್ಟುಗಳನ್ನು ಗುಡಿಸಿ ಕೂಡಿಟ್ಟರೆ ಧೂಪಕ್ಕೆ, ಎಣ್ಣೆಗೆ ಆಗುತ್ತದೆ.

ಹೆಸರು ತಂದದ್ದು ಗಂಧವಾದರೂ ಒಲೆ ಉರಿಸಿದ್ದು ಅದೊಂದೇ ಎನ್ನಲಾಗದು. ತಿಂಗಳುಗಟ್ಟಲೆ ಕೂತು ಮುಗಿಸಿದ ಪೆಟ್ಟಿಗೆಗೆ ಗಿರಾಕಿ ಎಂದೋ ಒಬ್ಬ. ಮದುವೆಯ ಬಾಸಿಂಗ ಹಾಗಲ್ಲ. ಕೆರೆಗಳಲ್ಲಿ ಬೆಳೆಯುವ ಬೆಂಡನ್ನು ಕೊಯ್ದು, ಒಣಗಿಸಿ, ಸಿಪ್ಪೆ ತೆಗೆದು, ತೆಳ್ಳಗೆ ಹೆರೆದು ಬಾಸಿಂಗ, ದಂಡೆಗಳನ್ನು ಮಾಡುವ ಕೆಲಸ ಲಗ್ನದ ಕಾಲಕ್ಕೆ ತಪ್ಪದೆ ಬರುತ್ತದೆ. ಒಂದೊಂದರ ಬೆಲೆ ಚಿಕ್ಕದು, ಬೇಡಿಕೆ ಮಾತ್ರ ಖಚಿತ.

ಮಳೆಗಾಲದಲ್ಲಿ ಗಣಪತಿ ಮೂರ್ತಿಗಳ ಕೆಲಸ. ಮಲೆನಾಡಿನ ಥಂಡಿಗೆ ಮಣ್ಣು ಬೇಗ ಒಣಗದು, ಒಣಗದೆ ಬಣ್ಣ ನಿಲ್ಲದು. ಚೌತಿಗೆ ಬಹಳ ಮೊದಲೇ ಮಣ್ಣು ಕಲಸದೆ ವಿಧಿಯಿಲ್ಲ. ಮಲೆನಾಡು, ಕರಾವಳಿಗಳಲ್ಲಿ ಮೂರ್ತಿ ಬೇಕಾದವರು ತಮ್ಮ ಮನೆಯ ಮಣೆಯನ್ನು ಮುಂಚಿತವಾಗಿ ತಂದುಕೊಡುವ ರೂಢಿಯಿದೆ. ಹಬ್ಬಕ್ಕೆ ಅದೇ ಮಣೆಯ ಮೇಲೆ ಗಣಪತಿ ಮನೆಗೆ ಹೋಗುತ್ತಾನೆ. ಬಂದ ಮಣೆಗಳೇ ಬೇಡಿಕೆಯ ಲೆಕ್ಕ. ಕಾಗದ ಪತ್ರದ ಗೊಡವೆಯಿಲ್ಲ. ಮುಂಗಡವಿಲ್ಲದೆಯೂ ಈ ವ್ಯವಹಾರ ನಡೆಯುವುದು ಎರಡೂ ಕಡೆಯವರು ವರ್ಷವರ್ಷವೂ ಮಾತು ಉಳಿಸಿಕೊಳ್ಳುವುದರಿಂದ. ಒಂದು ಚೌತಿಗೆ ಮೂರ್ತಿ ತಪ್ಪಿದರೆ ಮುಂದಿನ ವರ್ಷ ಆ ಮಣೆ ಬೇರೆಯವರ ಮನೆಗೆ ಹೋದೀತು.

ಸ್ವಾತಂತ್ರ್ಯಾನಂತರ ರಾಜ್ಯದ ಕರಕುಶಲ ನಿಗಮದ ಕಾವೇರಿ ಮಳಿಗೆಗಳು ಗಂಧದ ಕೆತ್ತನೆಗೆ ಮಾರುಕಟ್ಟೆ ಒದಗಿಸಿದವು. ಕಾಡಿನಲ್ಲಿ ಮಾತ್ರ ಗಂಧ ಕಡಿಮೆಯಾಗುತ್ತ ಬಂತು. 2001ರ ಕಾನೂನು ತಿದ್ದುಪಡಿ ಜಮೀನಿನಲ್ಲಿ ಬೆಳೆದ ಗಂಧದ ಒಡೆತನವನ್ನು ರೈತರಿಗೆ ಕೊಟ್ಟಿತು. ಗಂಧ ದುಬಾರಿಯಾದಂತೆ ಗುಡಿಗಾರರು ಶಿವನಿಯಂಥ ಮರಗಳಲ್ಲೂ ಕೆತ್ತತೊಡಗಿದರು.