ಗೀಳು ಮನೋರೋಗದಲ್ಲಿ ಮಿದುಳಿನ ಚಟುವಟಿಕೆ: ಏರಿಕೆಯೋ, ಇಳಿಕೆಯೋ?

ಸಾರಾಂಶ: ಒಸಿಡಿ ಎಂದು ಕರೆಯಲಾಗುವ ಗೀಳು ಮನೋರೋಗದಲ್ಲಿ ಮಿದುಳಿನ ಕೆಲವು ಭಾಗಗಳು ಅತಿಯಾಗಿ ಕೆಲಸ ಮಾಡುತ್ತವೆ ಎಂಬ ವಿವರಣೆ ಪ್ರಚಲಿತವಾಗಿದೆ. ಅದು ಅರ್ಧ ಸತ್ಯ ಮಾತ್ರ ಎಂಬುದು ಈ ಲೇಖನದ ವಾದ.

1. ಏರಿಕೆಯ ಪುರಾವೆ

1987ರಲ್ಲಿ ಅಮೆರಿಕದ ಲೂಯಿಸ್ ಬ್ಯಾಕ್ಸ್ಟರ್ ಮತ್ತು ಸಂಗಡಿಗರು 14 ರೋಗಿಗಳ ಪೆಟ್ ಸ್ಕ್ಯಾನ್ ನಡೆಸಿದರು. ಕಣ್ಣುಗುಳಿಗಳ ಮೇಲಿರುವ ಆರ್ಬಿಟೋಫ್ರಂಟಲ್ ಕಾರ್ಟೆಕ್ಸಿನ ಎಡಭಾಗದಲ್ಲೂ ಮಿದುಳಿನ ಆಳದ ಕಾಡೇಟ್‌ನ ಎರಡೂ ಬದಿಗಳಲ್ಲೂ ಗ್ಲೂಕೋಸ್ ಬಳಕೆ ಹೆಚ್ಚಿತ್ತು. ಇವೆರಡನ್ನೂ ಥಲಾಮಸ್‌ನೊಂದಿಗೆ ಹೆಣೆಯುವ ನರಪಥವೇ ಗೀಳಿನ ನೆಲೆ ಎಂಬ ಸಿದ್ಧಾಂತಕ್ಕೆ ಇದರಿಂದ ಬಲ ಬಂತು. 1992ರಲ್ಲಿ ಇದೇ ತಂಡ, ಫ್ಲೂಆಕ್ಸೆಟಿನ್ ಮಾತ್ರೆಯಿಂದ ಗುಣ ಕಂಡವರಲ್ಲೂ ವರ್ತನಾ ಚಿಕಿತ್ಸೆಯಿಂದ ಗುಣ ಕಂಡವರಲ್ಲೂ ಬಲಗಡೆಯ ಕಾಡೇಟ್‌ನ ಚಟುವಟಿಕೆ ತಗ್ಗಿದ್ದನ್ನು ತೋರಿಸಿತು.

2. ಇಳಿಕೆಯ ಪುರಾವೆ

ಸರಿ-ತಪ್ಪಿನ ನಿಯಮ ನಡುವೆಯೇ ಬದಲಾಗುವ ಪರೀಕ್ಷೆಯೊಂದನ್ನು ಸ್ಯಾಮ್ಯುಯೆಲ್ ಚೇಂಬರ್ಲೇನ್ ಮತ್ತು ಸಂಗಡಿಗರು ಒಡ್ಡಿದಾಗ (2008) ಫಲಿತಾಂಶ ತಿರುಗುಮುರುಗಾಯಿತು. ಹಳೆಯ ನಿಯಮ ಬಿಟ್ಟು ಹೊಸದಕ್ಕೆ ಹೊರಳಬೇಕಾದ ಹೊತ್ತಿಗೆ ರೋಗಿಗಳ ಆರ್ಬಿಟೋಫ್ರಂಟಲ್ ಭಾಗ ಸಾಮಾನ್ಯಕ್ಕಿಂತ ಕಡಿಮೆ ಸ್ಪಂದಿಸಿತು. ರೋಗವಿಲ್ಲದ ಅವರ ಹತ್ತಿರದ ರಕ್ತಸಂಬಂಧಿಗಳಲ್ಲೂ ಹಾಗೆಯೇ ಆಯಿತು.

3. ತಪ್ಪಿನ ಸಂಕೇತ

ತಪ್ಪು ಮಾಡಿದ ಬಳಿಕ, ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ, ಮಿದುಳಿನ ವಿದ್ಯುತ್ ದಾಖಲೆಯಲ್ಲಿ ಋಣ ಅಲೆಯೊಂದು ಮೂಡುತ್ತದೆ. ಗೀಳಿನ ರೋಗಿಗಳಲ್ಲಿ ಅದು ಹೆಚ್ಚು ತೀವ್ರವೆಂದು ವಿಲಿಯಂ ಗೆಹ್ರಿಂಗ್ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದರು. ಹಾಕಿದ ಬೀಗವನ್ನೇ ಮತ್ತೆ ಮತ್ತೆ ಜಗ್ಗಿ ನೋಡುವವರನ್ನು ಕಾಡುವ ‘ಏನೋ ಸರಿಯಿಲ್ಲ’ ಎಂಬ ಭಾವಕ್ಕೆ ಇದು ಹೊಂದುತ್ತದೆ. ಆದರೆ ಮಕ್ಕಳಲ್ಲಿ ನಡೆದ 2008ರ ಅಧ್ಯಯನವೊಂದರಲ್ಲಿ, ಚಿಕಿತ್ಸೆಯಿಂದ ಲಕ್ಷಣಗಳು ತಗ್ಗಿದರೂ ಈ ಅಲೆ ತಗ್ಗಲಿಲ್ಲ.

4. ಚರ್ಚೆ

ಇಲ್ಲಿ ಎರಡು ಬಗೆಯ ವ್ಯತ್ಯಾಸಗಳನ್ನು ಬೇರ್ಪಡಿಸಬೇಕು. ಕಾಡೇಟ್‌ನ ಏರಿಕೆ ರೋಗದೊಂದಿಗೆ ಏರಿಳಿಯುತ್ತದೆ. ಅದು ಸ್ಥಿತಿಯ ಸೂಚಕ. ಹೊರಳುವಿಕೆಯ ಮಾಂದ್ಯ ಮತ್ತು ತಪ್ಪಿನ ಅಲೆ ರೋಗಕ್ಕೆ ಈಡಾಗುವ ಪ್ರವೃತ್ತಿಯ ಸೂಚಕಗಳಾಗಿರಬಹುದು. ಹೀಗಾಗಿ, ಯಾವ ಕೆಲಸದ ವೇಳೆ ಅಳೆದದ್ದು ಎಂದು ಹೇಳದೆ ಚಟುವಟಿಕೆ ‘ಹೆಚ್ಚು’ ಅಥವಾ ‘ಕಡಿಮೆ’ ಎನ್ನುವುದು ಅಪೂರ್ಣ.

ಇವೆಲ್ಲ ಗುಂಪುಗಳ ಸರಾಸರಿ ವ್ಯತ್ಯಾಸಗಳೆಂಬುದನ್ನೂ ಮರೆಯುವಂತಿಲ್ಲ. ಮಿದುಳಿನ ರಚನೆಯ ಅಧ್ಯಯನಗಳಲ್ಲೂ ಇದೇ ಮಿತಿಯಿದೆ: ಬೆಂಗಳೂರಿನ ನಿಮ್ಹಾನ್ಸ್ ಕೂಡ ಪಾಲ್ಗೊಂಡ ಎನಿಗ್ಮಾ ಒಕ್ಕೂಟ 2017ರಲ್ಲಿ 1,830 ರೋಗಿಗಳ ದತ್ತಾಂಶ ಪರಿಶೀಲಿಸಿದಾಗ, ಮಿದುಳಿನ ಆಳದ ಭಾಗಗಳ ಗಾತ್ರದಲ್ಲಿ ಕಂಡ ವ್ಯತ್ಯಾಸಗಳು ಅಲ್ಪವಾಗಿದ್ದವು. ಆದ್ದರಿಂದ ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ಗೀಳು ಮನೋರೋಗವನ್ನು ನಿರ್ಧರಿಸಲಾಗದು; ರೋಗನಿರ್ಣಯಕ್ಕೆ ರೋಗಿಯೊಂದಿಗಿನ ವೈದ್ಯಕೀಯ ಸಂದರ್ಶನವೇ ಇಂದಿಗೂ ಆಧಾರ.