ತರ್ಕದಿಂದ ಆಟೋದವರೆಗೆ

ಡೊಂಬಿವಲಿ, ಥಾಣೆಗಳಿಂದ ಐರೋಲಿ, ಮಹಾಪೆಗಳ ಸಾಫ್ಟ್‌ವೇರ್ ಕಚೇರಿಗಳಿಗೆ ನಿತ್ಯ ಹೋಗಿಬರುವವರು ನಮ್ಮಲ್ಲಿ ಅನೇಕರು. ಅವರ ಕಸುಬಿನ ಒಂದು ಕವಲಾದ ಫಂಕ್ಷನಲ್ ಪ್ರೋಗ್ರಾಮಿಂಗಿನ ಚರಿತ್ರೆಯನ್ನು ನಾವಿಲ್ಲಿ ನೆನೆಯುತ್ತೇವೆ.

1930ರ ದಶಕದಲ್ಲಿ ಅಮೆರಿಕದ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಲ್ಯಾಮ್ಡಾ ಕಲನವನ್ನು ರೂಪಿಸಿದಾಗ ಇಂದಿನ ಕಂಪ್ಯೂಟರ್ ಹುಟ್ಟಿರಲಿಲ್ಲ. ಗಣನೆಯೆಲ್ಲವೂ ಫಂಕ್ಷನ್‌ಗಳ ಜೋಡಣೆ ಎಂಬುದು ಅದರ ತಿರುಳು. ಅಂಥ ಫಂಕ್ಷನ್ ಒಂದೇ ಮೌಲ್ಯಕ್ಕೆ ಎಂದೂ ಒಂದೇ ಉತ್ತರ ಕೊಡುತ್ತದೆ, ಬೇರೇನನ್ನೂ ಕದಲಿಸುವುದಿಲ್ಲ. 1958ರಲ್ಲಿ ಜಾನ್ ಮೆಕಾರ್ಥಿ ಆರಂಭಿಸಿದ ಲಿಸ್ಪ್ ಭಾಷೆ ಇದರಿಂದ ಎರವಲು ಪಡೆಯಿತು. 1990ರಲ್ಲಿ ವಿದ್ವಾಂಸರ ಸಮಿತಿಯೊಂದು, ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರಿಟ್ಟು, ಹ್ಯಾಸ್ಕೆಲ್ ಭಾಷೆಯನ್ನು ಪ್ರಕಟಿಸಿತು. ರೂಪಾಯಿಗೂ ಕಿಲೋಮೀಟರಿಗೂ ಬೇರೆ ಬೇರೆ ಟೈಪ್ ಗೊತ್ತುಪಡಿಸಿದರೆ, ಅವೆರಡನ್ನು ಕೂಡಿಸುವ ತಪ್ಪನ್ನು ಅದು ಪ್ರೋಗ್ರಾಂ ಓಡುವ ಮೊದಲೇ ತಡೆಯುತ್ತದೆ. ಆದರೂ ಬಹುಕಾಲ ಅದನ್ನು ವಿಶ್ವವಿದ್ಯಾಲಯಗಳ ಸೊತ್ತೆಂದೇ ಎಣಿಸಲಾಗಿತ್ತು.

2022ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ನಮ್ಮ ಯಾತ್ರಿ’ ಆ್ಯಪ್‌ನ ಸರ್ವರ್ ಭಾಗವನ್ನು ಬರೆದಿರುವುದು ಹ್ಯಾಸ್ಕೆಲ್‌ನಲ್ಲಿ. ಆಟೋ ಚಾಲಕರು ಪ್ರತಿ ಬಾಡಿಗೆಗೂ ಕಮಿಷನ್ ತೆರಬೇಕಿಲ್ಲ. ಲೆಕ್ಕ ತಪ್ಪದಂತೆ ಭಾಷೆ ನೆರವಾದೀತು. ಲೆಕ್ಕ ಯಾರ ಪರವಾಗಿರಬೇಕೆಂಬುದನ್ನು ನಿರ್ಧರಿಸುವವರು ಮನುಷ್ಯರೇ.

ಉಪಯೋಗವೇನೆಂದು ಕೇಳಿ ಸಂಶೋಧನೆಯೊಂದನ್ನು ತಳ್ಳಿಹಾಕುವ ಮುನ್ನ, ಆಟೋ ನಿಲ್ದಾಣದವರೆಗೆ ಸಾಗಿಬಂದ ಈ ತೊಂಬತ್ತು ವರ್ಷಗಳ ದಾರಿಯನ್ನು ನಾವು ನೆನೆಯುವುದೊಳಿತು.