ಆದವಾನಿಯ ಹತ್ತಿಯೂ ನಮ್ಮ ಶಾಲೆಯೂ

ಊರಿನ ಇತಿಹಾಸವೆಂದೊಡನೆ ನಮ್ಮ ಮಕ್ಕಳು ಆದವಾನಿಯ ಕೋಟೆಯತ್ತ ಕೈ ತೋರಿಸುತ್ತಾರೆ. ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು, ಮೊಗಲರು, ನಿಜಾಮರು ಒಬ್ಬರ ಹಿಂದೊಬ್ಬರಂತೆ ಇದನ್ನು ಆಳಿದರು. 1786ರಲ್ಲಿ ಟಿಪ್ಪು ಸುಲ್ತಾನನು ಗೆದ್ದನು. 1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಆದರೆ ಕೋಟೆಯ ಕೆಳಗಿನ ಎರೆಭೂಮಿಗೂ ಅದರದೇ ಇತಿಹಾಸವಿದೆ.

ಎರೆಮಣ್ಣು ಮಳೆಯ ತೇವವನ್ನು ಬಹುಕಾಲ ಹಿಡಿದಿಡುತ್ತದೆ. ಆದ್ದರಿಂದಲೇ ಮಳೆ ಕಡಮೆಯಾದ ಈ ನಾಡಿನಲ್ಲಿ ಹತ್ತಿ ನೆಲೆಯೂರಿತು. 1871ರಲ್ಲಿ ಮದರಾಸು ಮತ್ತು ಮುಂಬಯಿಯ ರೈಲುಹಳಿಗಳು ರಾಯಚೂರಿನಲ್ಲಿ ಕೂಡಿದ ಮೇಲೆ ದೂರದ ಪೇಟೆಗಳ ದಾರಿ ತೆರೆಯಿತು. ಕಾಲಕ್ರಮದಲ್ಲಿ ಜಿನ್ನಿಂಗ್ ಕಾರ್ಖಾನೆಗಳೂ ದಲಾಲಿ ಅಂಗಡಿಗಳೂ ದೊಡ್ಡ ಹತ್ತಿ ಮಾರುಕಟ್ಟೆಯೂ ಬೆಳೆದವು. ಆದರೂ ಮಳೆ ಕೈಕೊಟ್ಟಾಗ ಹಳಿಯಿಂದ ಹಸಿವು ನೀಗಲಿಲ್ಲ. 1876–78ರ ಬರಗಾಲದಲ್ಲಿ ಬಳ್ಳಾರಿ, ಕರ್ನೂಲು ಜಿಲ್ಲೆಗಳು ತತ್ತರಿಸಿದವು.

ನಮ್ಮ ಶಾಲೆ ಆರಂಭವಾದಾಗ ಈ ನೆಲವು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದರ ಪಾಲಾದವು. ಬಳ್ಳಾರಿಯು ಮೈಸೂರಿಗೆ ಸೇರಿತು. ಆದವಾನಿ, ಆಲೂರುಗಳು ಕರ್ನೂಲು ಜಿಲ್ಲೆಯವಾದವು. ಕಚೇರಿಯ ಭಾಷೆ ತೆಲುಗಾಯಿತು. ಮನೆಯ ಕನ್ನಡ ಮನೆಯಲ್ಲಿ ಉಳಿಯಿತು. ಅದಕ್ಕೆ ಅಕ್ಷರ ಕೊಡುವ ಹೊಣೆ ನಮ್ಮಂತಹ ಶಾಲೆಗಳ ಮೇಲೆ ಬಿತ್ತು.

ಇಂದು ಆ ಹೊಣೆಗೆ ಎದುರಾಗಿರುವ ತೊಡಕು ಗಡಿಯದಲ್ಲ, ಮಳೆಯದು. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಎಲ್ಲ ಹೊಲಗಳನ್ನೂ ಮುಟ್ಟುವುದಿಲ್ಲ. ಇಲ್ಲಿ ಕೆಲಸ ಮುಗಿದೊಡನೆ ಅನೇಕ ಕುಟುಂಬಗಳು ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಹೊರಡುತ್ತವೆ. ಈ ವಲಸೆಗೆ ನಮ್ಮ ಜನರು ಇಟ್ಟಿರುವ ಹೆಸರು ‘ಸುಗ್ಗಿ’. ಕಣ ತುಂಬುವ ಹಿಗ್ಗಿನ ಮಾತು ಮನೆಗೆ ಬೀಗ ಹಾಕುವ ಮಾತಾಗಿದೆ. ತಂದೆತಾಯಿಗಳೊಡನೆ ಮಕ್ಕಳೂ ಹೋಗುತ್ತಾರೆ. ತಿಂಗಳುಗಟ್ಟಲೆ ತಪ್ಪಿದ ಪಾಠ ಮರಳಿ ಕೂಡುವುದು ಕಷ್ಟ. ಮಕ್ಕಳ ಸಂಖ್ಯೆ ಕುಗ್ಗಿದರೆ ಶಿಕ್ಷಕರ ಹುದ್ದೆಗಳೂ ಕುಗ್ಗುತ್ತವೆ.

ಆದುದರಿಂದ ಪೋಷಕರಲ್ಲಿ ನನ್ನ ವಿನಂತಿ: ಸುಗ್ಗಿಗೆ ಹೊರಡುವಾಗ ಮಗುವನ್ನು ಅಜ್ಜಿಯ ಬಳಿಯೋ ಬಂಧುಗಳ ಮನೆಯಲ್ಲೋ ಬಿಟ್ಟು ಹೋಗಿರಿ. ಹಳೆಯ ವಿದ್ಯಾರ್ಥಿಗಳು ಅಂತಹ ಮಕ್ಕಳ ಊಟಕ್ಕೆ, ಸಂಜೆಯ ಓದಿಗೆ ಆಸರೆಯಾಗಲಿ. ಶಾಲೆಯ ಎರಡನೆಯ ಶತಮಾನ ಈ ಕೆಲಸದಿಂದ ಆರಂಭವಾಗಲಿ.